ಬೆಂಗಳೂರಿನಿಂದ ಒಂದೇ ದಿನದಲ್ಲಿ ಚಿತ್ರದುರ್ಗದ ಕೋಟೆ: ಹೋಗುವ ಬಗೆ, ನೋಡುವ ಬಗೆ

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು ಮಾರ್ಗವಾಗಿ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದಾದ ದೂರವಿದು. ಆದರೂ ಹೋಗಿ ಬಂದವರಲ್ಲಿ ಅನೇಕರು ಓಬವ್ವನ ಕಿಂಡಿಯಲ್ಲಿ ನುಸುಳಿ, ಏಕನಾಥೇಶ್ವರಿ ಗುಡಿಯ ಮುಂದೆ ಚಿತ್ರ ತೆಗೆಸಿಕೊಂಡು, ಬಿಸಿಲಿಗೆ ಬಸವಳಿದು ಇಳಿದುಬಿಡುತ್ತಾರೆ. ಕೋಟೆಯೊಳಗೆ ಕನಿಷ್ಠ ನಾಲ್ಕು ಗಂಟೆ ಕಳೆಯುವಂತೆ ದಿನವನ್ನು ಹೊಂದಿಸಿಕೊಳ್ಳುವುದು, ಆ ನಾಲ್ಕು ಗಂಟೆಗಳಲ್ಲಿ ಎರಡು ವಿಷಯಗಳನ್ನು ಬೆನ್ನುಹತ್ತುವುದು, ಇಷ್ಟನ್ನು ಮಾಡಿದರೆ ಪ್ರವಾಸ ಸಾರ್ಥಕವಾಗುತ್ತದೆ. ಹಗೆಯನ್ನು ಈ ಕೋಟೆ ಎಲ್ಲೆಲ್ಲಿ, ಹೇಗೆ ತಡೆಯುತ್ತಿತ್ತು ಎಂಬುದು ಮೊದಲನೆಯದು. ಮಳೆ ಅಪರೂಪವಾದ ಈ ಸೀಮೆಯಲ್ಲಿ ಕೋಟೆಯ ಒಳಗಿದ್ದವರಿಗೆ ನೀರು ಎಲ್ಲಿಂದ ಬರುತ್ತಿತ್ತು ಎಂಬುದು ಎರಡನೆಯದು. ಗುಡಿ, ಬಾಗಿಲು, ಹೊಂಡ, ಬತೇರಿಗಳೆಲ್ಲ (ಕಾವಲಿನ ಬುರುಜುಗಳು) ಈ ಎರಡು ಪ್ರಶ್ನೆಗಳ ಸುತ್ತಲೇ ಇವೆ.

ಹೊರಡುವ ಮುನ್ನ ಸ್ವಲ್ಪ ಇತಿಹಾಸ ತಿಳಿದಿದ್ದರೆ ಕಲ್ಲುಗಳು ಸುಲಭವಾಗಿ ಅರ್ಥವಾಗುತ್ತವೆ. ಚಿನ್ಮೂಲಾದ್ರಿ ಎಂದು ಹೆಸರಾದ ಈ ಬೆಟ್ಟಗಳ ಊರು ಹೊಯ್ಸಳರ ಕಾಲದಲ್ಲಿ ಬೆಮ್ಮತ್ತನೂರು ಎನಿಸಿಕೊಂಡಿತ್ತು. ಅನಂತರ ಇದು ವಿಜಯನಗರದ ಆಡಳಿತಕ್ಕೆ ಸೇರಿತು. 1568ರಲ್ಲಿ ತಿಮ್ಮಣ್ಣ ನಾಯಕನಿಂದ ಆರಂಭವಾದ ಪಾಳೆಯಗಾರ ವಂಶವು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಇಲ್ಲಿ ಆಳಿತು. ಇಂದು ನಾವು ಕಾಣುವ ಕೋಟೆಯ ಬಹುಭಾಗ ತಲೆಮಾರಿನಿಂದ ತಲೆಮಾರಿಗೆ ಆ ನಾಯಕರು ಬೆಳೆಸುತ್ತ ಬಂದದ್ದು. ಕೊನೆಯ ದೊರೆ ಮದಕರಿ ನಾಯಕನು 1754ರಲ್ಲಿ ಪಟ್ಟಕ್ಕೆ ಬಂದನು. ಹೈದರ್ ಅಲಿ ಹಲವು ಬಾರಿ ದುರ್ಗದ ಮೇಲೆ ದಂಡೆತ್ತಿ ಬಂದರೂ ಕೋಟೆ ಅವನ ಕೈವಶವಾದದ್ದು 1779ರಲ್ಲಿ. ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕೆಲಕಾಲ ಬ್ರಿಟಿಷರ ಪಡೆ ಇಲ್ಲಿ ಬೀಡುಬಿಟ್ಟಿತ್ತು. ಹೀಗಾಗಿ ಒಂದೇ ಗೋಡೆಯಲ್ಲಿ ಬೇರೆಬೇರೆ ಕಾಲದ ಕೈಕೆಲಸ ಕಂಡರೆ ಅದರಲ್ಲಿ ಅಚ್ಚರಿಯಿಲ್ಲ.

ಬೆಂಗಳೂರಿನವರಿಗೆ ಕೋಟೆ ಎಂದೊಡನೆ ನೆನಪಾಗುವುದು ಕೃಷ್ಣರಾಜ ಮಾರುಕಟ್ಟೆಯ ಪಕ್ಕದಲ್ಲಿ ಉಳಿದಿರುವ ತುಣುಕು. ಅದನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನಿಂದ ಕಟ್ಟಿಸಿದನು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಅದನ್ನು ಒಡೆದು ಒಳನುಗ್ಗಿತು. ಬಿಡುವಿದ್ದರೆ ಒಂದು ಸಂಜೆ ಅದನ್ನು ನೋಡಿಬಂದು ಆಮೇಲೆ ದುರ್ಗಕ್ಕೆ ಹೋಗಿ. ಸಮತಟ್ಟು ನೆಲದ ಕೋಟೆಗೆ ಗೋಡೆಯೇ ಸರ್ವಸ್ವ. ದುರ್ಗದಲ್ಲಿ ಬಂಡೆ ಮುಗಿದಲ್ಲಿ ಗೋಡೆ ಶುರುವಾಗುತ್ತದೆ, ಗೋಡೆ ಮುಗಿದಲ್ಲಿ ಬಂಡೆ. ಈ ವ್ಯತ್ಯಾಸವನ್ನು ಕಣ್ಣಾರೆ ಕಂಡವರಿಗೆ ಪಾಳೆಯಗಾರರು ಈ ಬೆಟ್ಟವನ್ನೇ ಏಕೆ ಆರಿಸಿಕೊಂಡರು ಎಂದು ಯಾರೂ ವಿವರಿಸಬೇಕಾಗಿಲ್ಲ.

ಕಾಲದ ಆಯ್ಕೆಯಲ್ಲಿ ಉದಾಸೀನ ಸಲ್ಲದು. ಮಾರ್ಚ್‌ನಿಂದ ಮೇವರೆಗೆ ಇಲ್ಲಿಯ ಬಂಡೆಗಳು ಬೆಳಿಗ್ಗೆ ಹತ್ತಕ್ಕೇ ಕಾಯಲು ತೊಡಗುತ್ತವೆ, ನೆರಳು ಬಹಳ ಕಡಿಮೆ. ಆ ತಿಂಗಳುಗಳಲ್ಲಿ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದೊಯ್ಯದಿರುವುದು ಒಳ್ಳೆಯದು. ನವೆಂಬರ್‌ನಿಂದ ಫೆಬ್ರವರಿವರೆಗಿನ ಹವೆ ಅತ್ಯಂತ ಹಿತಕರ. ಜುಲೈ, ಆಗಸ್ಟ್‌ಗಳಲ್ಲಿ ಮೋಡ ಕವಿದು ಗಾಳಿ ಬೀಸುತ್ತಿರುತ್ತದೆ. ಸುತ್ತಲಿನ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತ ಗಾಳಿಯಂತ್ರಗಳು ಆ ಗಾಳಿಗೆ ಸಾಕ್ಷಿ. ಆದರೆ ಹನಿ ಬಿದ್ದ ಕೂಡಲೇ ನುಣುಪಾದ ಮೆಟ್ಟಿಲುಗಳು ಜಾರತೊಡಗುತ್ತವೆ. ನವೆಂಬರ್ 11ರಂದು ರಾಜ್ಯ ಸರ್ಕಾರವು ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತದೆ. ಜನಜಂಗುಳಿ ಒಲ್ಲದವರು ಆ ದಿನವನ್ನೂ, ಸಾಲು ರಜೆಯ ಭಾನುವಾರಗಳನ್ನೂ ಬಿಟ್ಟು ಬೇರೆ ದಿನ ಹೋಗುವುದು ಲೇಸು.

ಸ್ವಂತ ಕಾರಿನಲ್ಲಿ ಹೋಗುವವರು ಬೆಳಿಗ್ಗೆ ಐದೂವರೆಗೆ ಹೊರಟರೆ ಗೊರಗುಂಟೆಪಾಳ್ಯ, ಪೀಣ್ಯ, ನೆಲಮಂಗಲಗಳನ್ನು ಲಾರಿ ಮತ್ತು ಕಾರ್ಖಾನೆ ಬಸ್ಸುಗಳ ಗದ್ದಲ ಏಳುವ ಮೊದಲೇ ದಾಟಬಹುದು. ಅರ್ಧ ಗಂಟೆ ತಡವಾದರೂ ಈ ತುಂಡಿನಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ. ಮುಂದೆ ರಾಷ್ಟ್ರೀಯ ಹೆದ್ದಾರಿ 48 ಅಗಲವಾಗಿದೆ, ಓಟ ಸಲೀಸು. ದಾರಿಯಲ್ಲಿ ಹಲವು ಟೋಲ್‌ಗಳು ಬರುವುದರಿಂದ ಫಾಸ್ಟ್ಯಾಗ್‌ನಲ್ಲಿ ಹಣ ಇರುವುದನ್ನು ಹಿಂದಿನ ರಾತ್ರಿಯೇ ಖಚಿತಪಡಿಸಿಕೊಳ್ಳಿ. ತಿಂಡಿಗೆ ತುಮಕೂರಿಗೆ ಸ್ವಲ್ಪ ಮೊದಲು ಸಿಗುವ ಕ್ಯಾತ್ಸಂದ್ರಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಅಲ್ಲಿನ ತಟ್ಟೆ ಇಡ್ಲಿಯ ಕೀರ್ತಿ ಹೊಸದಲ್ಲ, ಬೆಳಗಿನ ಏಳು ಗಂಟೆಗೆ ಹಬೆಯಾಡುವ ತಟ್ಟೆಗಳು ತಡವಿಲ್ಲದೆ ಮೇಜಿಗೆ ಬರುತ್ತವೆ. ಇಲ್ಲಿ ಹೊಟ್ಟೆ ತುಂಬ ತಿಂದು ಹೊರಟವರಿಗೆ ಮಧ್ಯಾಹ್ನ ಎರಡರವರೆಗೆ ಊಟದ ಚಿಂತೆ ಇರುವುದಿಲ್ಲ. ಕೋಟೆಯೊಳಗೆ ಊಟ ಹುಡುಕುತ್ತ ಅಲೆಯಬಾರದಾದ್ದರಿಂದ ಇದು ಮುಖ್ಯ. ಒಂಬತ್ತೂವರೆಯ ಹೊತ್ತಿಗೆ ದುರ್ಗದಲ್ಲಿರಬಹುದು.

ಬಸ್ಸಿನಲ್ಲಿ ಹೋಗುವುದೂ ಕಷ್ಟವಲ್ಲ. ಮೆಜೆಸ್ಟಿಕ್‌ನಿಂದ ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳು ದಿನವಿಡೀ ಇವೆ, ಪ್ರಯಾಣ ಸುಮಾರು ನಾಲ್ಕು ಗಂಟೆ. ನಗರದ ಉತ್ತರ ಮತ್ತು ಪಶ್ಚಿಮ ಭಾಗದವರು ಮೆಜೆಸ್ಟಿಕ್‌ವರೆಗೆ ಹೋಗದೆ ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ಹತ್ತಬಹುದು, ಆದರೆ ವಾರಾಂತ್ಯದಲ್ಲಿ ಅಲ್ಲಿ ಕೂರಲು ಸೀಟು ಸಿಗುವ ಭರವಸೆ ಕಡಿಮೆ. ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಉಚಿತವಾಗಿ ಹೋಗಬಹುದು. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ. ಹುಬ್ಬಳ್ಳಿ ಕಡೆಯ ಬಸ್ ಹತ್ತುವಾಗ ಅದು ಊರೊಳಗಿನ ನಿಲ್ದಾಣಕ್ಕೆ ಹೋಗುತ್ತದೆಯೋ ಅಥವಾ ಬೈಪಾಸ್‌ನಲ್ಲಿಯೇ ಇಳಿಸುತ್ತದೆಯೋ ಎಂದು ಕಂಡಕ್ಟರನ್ನು ಕೇಳಿಯೇ ಟಿಕೆಟ್ ಪಡೆಯಿರಿ. ನಿಲ್ದಾಣದಿಂದ ಕೋಟೆಯ ಬಾಗಿಲಿಗೆ ಆಟೊ ಸಾಕು. ರೈಲು ಅರಸೀಕೆರೆ, ಚಿಕ್ಕಜಾಜೂರುಗಳನ್ನು ಬಳಸಿಕೊಂಡು ಬರುವುದರಿಂದ ಒಂದು ದಿನದ ಪ್ರವಾಸಕ್ಕೆ ಅದು ಹೊಂದುವುದಿಲ್ಲ.

ತೆಗೆದುಕೊಂಡು ಹೋಗಬೇಕಾದದ್ದು ಹೆಚ್ಚೇನಿಲ್ಲ. ಹಿಡಿತವುಳ್ಳ ಅಡಿಯ ಶೂ, ತಲೆಗೆ ಟೋಪಿ, ತಲಾ ಎರಡು ಲೀಟರ್ ನೀರು ಇದ್ದರೆ ಸಾಕು. ಕೈಯಲ್ಲಿ ತಿನಿಸಿನ ಪೊಟ್ಟಣ ಹಿಡಿದು ನಡೆಯಬೇಡಿ. ಇಲ್ಲಿಯ ಕೋತಿಗಳು ಕೇಳಿ ಪಡೆಯುವ ಜಾತಿಯವಲ್ಲ. ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಪ್ರವೇಶಕ್ಕೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ, ಡ್ರೋನ್ ಹಾರಿಸುವಂತಿಲ್ಲ.

ಬಾಗಿಲಲ್ಲಿ ಸ್ಥಳೀಯ ಮಾರ್ಗದರ್ಶಕರು ಸಿಗುತ್ತಾರೆ. ಮೊದಲ ಸಲ ಹೋಗುವವರು ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು ಒಳಿತು, ಏಕೆಂದರೆ ಒಳಗೆ ದಾರಿಗಳು ಕವಲೊಡೆಯುತ್ತವೆ, ಫಲಕಗಳು ಎಲ್ಲ ಕಡೆಯೂ ನೆರವಿಗೆ ಬರುವುದಿಲ್ಲ. ಹಣವನ್ನೂ ಸಮಯವನ್ನೂ ಮೊದಲೇ ಮಾತಾಡಿಕೊಳ್ಳಿ, ಹಾಗೆಯೇ ಬಂಡೆಯ ಮೇಲಿರುವ ತುಪ್ಪದ ಕೊಳದ ಬತೇರಿಯವರೆಗೆ ಕರೆದೊಯ್ಯುವರೇ ಎಂದೂ ಕೇಳಿ. ಅವರು ಹೇಳುವ ಕಥೆಗಳನ್ನು ಕಥೆಗಳಾಗಿಯೇ ಸವಿಯಿರಿ. ಕೋಟೆಗೆ 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಗುಪ್ತದ್ವಾರ ಎಂಬ ಲೆಕ್ಕವನ್ನು ಅವರು ತಪ್ಪದೆ ಒಪ್ಪಿಸುತ್ತಾರೆ. ಎಣಿಸುತ್ತ ಕೂರುವ ಬದಲು ಬಾಗಿಲುಗಳ ರಚನೆಯನ್ನು ನೋಡುವುದರಲ್ಲಿ ಲಾಭ ಹೆಚ್ಚು.

ಏಳು ಸುತ್ತಿನ ಕೋಟೆ ಎಂಬ ಹೆಸರು ಕೇಳಿ ಬಂದವರು ಟಿಕೆಟ್ ಪಡೆದ ಬಾಗಿಲಿನಿಂದಲೇ ಏಳನ್ನು ಎಣಿಸತೊಡಗುತ್ತಾರೆ. ಹೊರಗಿನ ಸುತ್ತುಗಳು ಊರಿನಲ್ಲಿ ಬೆರೆತುಹೋಗಿವೆ. ರಂಗಯ್ಯನ ಬಾಗಿಲು, ಸಂತೆ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಎಂಬ ಹೆಸರುಗಳು ಈ ಹೊರಸುತ್ತುಗಳ ನೆನಪನ್ನು ಇಂದಿಗೂ ಉಳಿಸಿವೆ. ನೀವು ಆಟೊದಲ್ಲಿ ದಾಟಿ ಬಂದ ಬೀದಿಗಳೇ ಒಂದು ಕಾಲದಲ್ಲಿ ಕೋಟೆಯ ಒಳಗಿದ್ದವು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಗೆ ಕಾಲಿಡಿ.

ಈಗ ದಾಳಿಗೆ ಬಂದ ಸೈನಿಕನ ಕಣ್ಣಿನಿಂದ ನಡೆಯಿರಿ. ಮೊದಲ ಬಾಗಿಲು ದಾಟಿದೊಡನೆ ದಾರಿ ನೇರ ಹೋಗದೆ ಅಡ್ಡಕ್ಕೆ ತಿರುಗುತ್ತದೆ, ಮುಂದಿನ ಬಾಗಿಲು ಕಣ್ಣಿಗೆ ಬೀಳುವುದೇ ಇಲ್ಲ. ಹೀಗೆ ಬಾಗಿಲಿನಿಂದ ಬಾಗಿಲಿಗೆ ದಾರಿ ಹಾವಿನಂತೆ ಹೊರಳುತ್ತದೆ. ಓಡಿಬಂದು ಬಾಗಿಲಿಗೆ ಡಿಕ್ಕಿ ಹೊಡೆಯಲು ಆನೆಗೆ ಬೇಕಾದಷ್ಟು ನೇರ ಜಾಗ ಸಿಗದಂತೆ, ಗುಂಪಾಗಿ ನುಗ್ಗಿದ ದಂಡು ಇಕ್ಕಟ್ಟಿನಲ್ಲಿ ತಿರುಗಲಾರದೆ ನಿಲ್ಲುವಂತೆ ಮಾಡಿದ ಏರ್ಪಾಡು ಇದು. ನಿಂತವರ ಮೇಲೆ ಮೇಲಿನಿಂದ ಗುಂಡು ಹಾರಿಸಲು ಗೋಡೆಯ ತಲೆಯಲ್ಲಿ ಸಾಲು ಕಂಡಿಗಳಿವೆ. ಒಂದು ಕಂಡಿಯ ಒಳಬದಿಗೆ ಹೋಗಿ ಬಗ್ಗಿ ನೋಡಿ. ಆ ಸಣ್ಣ ಕಂಡಿಯಿಂದ ಕೆಳಗಿನ ದಾರಿಯ ನಿರ್ದಿಷ್ಟ ತುಂಡೊಂದು ಕಾಣುತ್ತದೆ. ಬೇರೆಬೇರೆ ಕಂಡಿಗಳು ಬೇರೆಬೇರೆ ದೂರಕ್ಕೆ ಗುರಿಯಿಟ್ಟಿರುವುದು ಆಗ ತಿಳಿಯುತ್ತದೆ. ಈ ಭಾಗದಲ್ಲಿ ಅವಸರ ಮಾಡಬೇಡಿ. ಅನೇಕರು ಐದು ನಿಮಿಷದಲ್ಲಿ ದಾಟಿಬಿಡುವ ಈ ಬಾಗಿಲುಗಳ ಸಾಲೇ ಇಡೀ ಕೋಟೆಯ ಅತ್ಯುತ್ತಮ ಭಾಗ ಎಂಬುದು ನನ್ನ ಅಭಿಪ್ರಾಯ.

ಗೋಡೆಯ ಕಲ್ಲುಗಳನ್ನೂ ಹತ್ತಿರದಿಂದ ನೋಡಬೇಕು. ಭಾರಿ ಕಲ್ಲುಗಳನ್ನು ಗಾರೆಯ ಹಂಗಿಲ್ಲದೆ, ಒಂದರ ಮೂಲೆ ಇನ್ನೊಂದಕ್ಕೆ ಕಚ್ಚಿಕೊಳ್ಳುವಂತೆ ಕಡಿದು ಜೋಡಿಸಿದ್ದಾರೆ. ಆ ಕಲ್ಲು ದೂರದಿಂದ ಬಂದದ್ದಲ್ಲ. ದಾರಿಯ ಪಕ್ಕದ ಬಂಡೆಗಳ ಮೇಲೆ ಒಂದೇ ಅಳತೆಯ ಸಣ್ಣ ಗುಳಿಗಳ ಸಾಲು ಕಂಡರೆ ಅಲ್ಲಿ ನಿಲ್ಲಿ. ಬಂಡೆಯನ್ನು ಸೀಳಲು ಬೆಣೆ ಹೊಡೆದ ಗುರುತುಗಳು ಅವು. ಕೆಲವು ಕಡೆ ಸೀಳು ಅರ್ಧಕ್ಕೇ ನಿಂತಿದೆ.

ಬಾಗಿಲುಗಳ ಸಾಲು ಮುಗಿಯುವ ಹೊತ್ತಿಗೆ ಸಿಗುವ ಮದ್ದು ಬೀಸುವ ಕಲ್ಲುಗಳನ್ನು ಬಿಡಬೇಡಿ. ತಗ್ಗಿನಲ್ಲಿ ಇರಿಸಿರುವ ಈ ದೈತ್ಯ ಬೀಸುಕಲ್ಲುಗಳಲ್ಲಿ ತುಪಾಕಿ ಮದ್ದನ್ನು ಅರೆಯುತ್ತಿದ್ದರು, ತಿರುಗಿಸಲು ಪ್ರಾಣಿಗಳನ್ನು ಹೂಡುತ್ತಿದ್ದರು. ಅವು ಅರಮನೆಯಿಂದ ಸಾಕಷ್ಟು ಕೆಳಗೆ ಇರುವುದನ್ನು ಗಮನಿಸಿದರೆ ಮದ್ದಿನ ಅಪಾಯ ಬಲ್ಲವರ ಯೋಜನೆ ಅದೆಂದು ಹೊಳೆಯುತ್ತದೆ. ಬಂಡೆಯಲ್ಲಿ ಮಾಡಿದ ಎಣ್ಣೆಕೊಳಗಳು, ಟಂಕಸಾಲೆ, ಗರಡಿಮನೆ ಇವೆಲ್ಲ ಮುತ್ತಿಗೆ ತಿಂಗಳುಗಟ್ಟಲೆ ನಡೆದರೂ ಒಳಗಿನ ಬದುಕು ನಿಲ್ಲದಂತೆ ಮಾಡಿಕೊಂಡ ಏರ್ಪಾಟುಗಳು.

ಮೇಲೆ ಬಯಲು ತೆರೆದುಕೊಂಡಾಗ ಏಕನಾಥೇಶ್ವರಿಯ ಗುಡಿ, ಅದರ ಮುಂದಿನ ಎತ್ತರದ ಉಯ್ಯಾಲೆ ಕಂಬ, ದೀಪಸ್ತಂಭಗಳು ಎದುರಾಗುತ್ತವೆ. ಸಂಪಿಗೆ ಸಿದ್ಧೇಶ್ವರ ಗುಡಿಯ ಮುಂದೆ ನಾಯಕರಿಗೆ ಪಟ್ಟ ಕಟ್ಟುತ್ತಿದ್ದರು ಎಂಬುದು ದುರ್ಗದವರ ನಂಬಿಕೆ. ಬಂಡೆಯ ನೆತ್ತಿಯ ಮೇಲಿರುವ ಹಿಡಿಂಬೇಶ್ವರ ಗುಡಿಯು ಭೀಮನು ಹಿಡಿಂಬನನ್ನು ಕೊಂದ ಕಥೆಗೆ ಅಂಟಿಕೊಂಡಿದೆ. ಮೆಟ್ಟಿಲು ಹತ್ತುವ ಶಕ್ತಿಯಿದ್ದರೆ ಕಥೆಗಿಂತ ಹೆಚ್ಚಾಗಿ ಅಲ್ಲಿಂದ ಕಾಣುವ ಕೋಟೆಯ ವಿನ್ಯಾಸಕ್ಕಾಗಿ ಹತ್ತಿ. ಗುಡಿಗಳಲ್ಲಿ ಇಂದಿಗೂ ಪೂಜೆ ನಡೆಯುವುದರಿಂದ ಪಾದರಕ್ಷೆ ಹೊರಗೆ ಬಿಡಬೇಕು. ಕಾದ ಕಲ್ಲಿಗೆ ಒಂದು ಜೊತೆ ಕಾಲುಚೀಲ ಒಳ್ಳೆಯ ಮದ್ದು.

ಇಲ್ಲಿಂದ ಎರಡನೆಯ ಪ್ರಶ್ನೆ. ಗೋಪಾಲಸ್ವಾಮಿ ಗುಡಿಯ ಹತ್ತಿರದ ಹೊಂಡಕ್ಕೆ ಹೋಗಿ ಅದರ ದಂಡೆಯ ಮೇಲೆ ನಿಂತು ಸುತ್ತ ನೋಡಿ. ಬಂಡೆಗಳ ಇಳಿಜಾರೆಲ್ಲ ಅದರತ್ತ ವಾಲಿದೆ. ಮಣ್ಣಿನ ನೆಲ ಮಳೆಯನ್ನು ಕುಡಿದುಬಿಡುತ್ತದೆ. ಬರಿಯ ಬಂಡೆ ಬಿದ್ದ ಹನಿಯನ್ನೆಲ್ಲ ಕೆಳಗೆ ಒಪ್ಪಿಸುತ್ತದೆ. ಕೋಟೆಯನ್ನು ಕಟ್ಟಿದವರು ಈ ಗುಣವನ್ನೇ ನೆಚ್ಚಿಕೊಂಡರು. ಮೇಲಿನ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಗಳಿಗೆ ಇಳಿಯುತ್ತದೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ನಡುವಿನ ಸಂತೆ ಹೊಂಡಕ್ಕೆ. ಮಳೆಯ ನೀರು ಕೋಟೆಯನ್ನು ಬಿಡುವ ಮೊದಲು ಹಂತಹಂತವಾಗಿ ತಡೆದು ನಿಲ್ಲುತ್ತಿತ್ತು, ಮೇಲಿನವರು ತಣಿದ ಬಳಿಕ ಊರಿನವರಿಗೂ ದಕ್ಕುತ್ತಿತ್ತು. ಸಂತೆ ಹೊಂಡವನ್ನು ಕೋಟೆಯಿಂದ ಇಳಿದ ಮೇಲೆ ಊರಿನಲ್ಲಿ ನೋಡಬಹುದು. ಮೇಲಿನ ಹೊಂಡಗಳನ್ನು ನೋಡಿಬಂದವರಿಗೆ ಅದು ಬೇರೆಯಾಗಿಯೇ ಕಾಣುತ್ತದೆ. ಬೇಸಿಗೆಯ ಕೊನೆಯಲ್ಲಿ ಹೋದರೆ ನೀರು ತಳ ಸೇರಿ ಮೆಟ್ಟಿಲುಗಳ ಕೆಲಸವೆಲ್ಲ ಬಿಚ್ಚಿಕೊಂಡಿರುತ್ತದೆ, ಹಾಗಾಗಿ ನೀರಿಲ್ಲ ಎಂದು ಹಿಂದಿರುಗಬೇಡಿ. ಯಾವ ಕಾಲದಲ್ಲೂ ಹೊಂಡಗಳಿಗೆ ಇಳಿಯಬಾರದು. ಪಾಚಿಗಟ್ಟಿದ ಮೆಟ್ಟಿಲುಗಳು ಮೋಸದವು.

ಓಬವ್ವನ ಕಿಂಡಿಯೂ ಈ ಎರಡು ಪ್ರಶ್ನೆಗಳು ಕೂಡುವ ಜಾಗ. ಕಾವಲುಗಾರ ಮುದ್ದಹನುಮ ಊಟಕ್ಕೆ ಕುಳಿತಿದ್ದಾಗ ಅವನ ಹೆಂಡತಿ ನೀರು ತರಲು ತಣ್ಣೀರು ದೋಣಿ ಎಂಬ ನೀರಿನ ತಾಣಕ್ಕೆ ಬಂದಳು, ಬಂಡೆಯ ಸಂದಿಯಲ್ಲಿ ಹೈದರನ ಸೈನಿಕರು ನುಸುಳುವುದನ್ನು ಕಂಡಳು, ಕೈಗೆ ಸಿಕ್ಕ ಒನಕೆಯಿಂದ ಒಬ್ಬೊಬ್ಬರನ್ನೇ ಹೊಡೆದುರುಳಿಸಿದಳು ಎಂಬ ಕಥೆ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತು. ಕಿಂಡಿಯಲ್ಲಿ ಬಗ್ಗಿ ನುಸುಳುವಾಗ ಕಥೆಯ ಯುದ್ಧತಂತ್ರ ಮೈಗೆ ತಿಳಿಯುತ್ತದೆ: ತಲೆ ಮೊದಲು ಹೊರಬರುತ್ತದೆ, ಕೈ ಎತ್ತಲು ಜಾಗವಿಲ್ಲ, ಹಿಂದಿನವನಿಗೆ ಮುಂದೆ ಏನಾಯಿತೆಂದು ಕಾಣುವುದಿಲ್ಲ. ಒಬ್ಬರು ನೂರು ಜನರನ್ನು ತಡೆಯಬಲ್ಲ ಜಾಗವಿದ್ದರೆ ಅದು ಇಂಥದ್ದೇ. ಪಕ್ಕದ ತಣ್ಣೀರು ದೋಣಿಯನ್ನು ನೋಡದೆ ಬರುವವರೇ ಹೆಚ್ಚು. ಆ ನೀರಿಲ್ಲದಿದ್ದರೆ ಓಬವ್ವ ಆ ಹೊತ್ತಿನಲ್ಲಿ ಅಲ್ಲಿಗೆ ಬರುತ್ತಿರಲಿಲ್ಲ. ಭಾನುವಾರ ಕಿಂಡಿಯ ಮುಂದೆ ಸರದಿ ಬೆಳೆಯುವುದರಿಂದ ಹನ್ನೊಂದರೊಳಗೆ ಇಲ್ಲಿಗೆ ಬಂದುಬಿಡುವುದು ಜಾಣತನ. ಮೈ ದಪ್ಪವಿರುವವರು, ಮಂಡಿನೋವಿನವರು ಮೇಲಿನಿಂದಲೇ ನೋಡಬಹುದು.

ಅರಮನೆಯ ಅವಶೇಷಗಳು ಇನ್ನೂ ಒಳಗೆ, ದಾರಿ ಕೊಂಚ ಒಂಟಿ. ಅಲ್ಲಿ ಎತ್ತರದ ಮಣ್ಣಿನ ಗೋಡೆಗಳು, ಕಣಜಗಳು ಮಳೆ ಗಾಳಿಗೆ ಸವೆಯುತ್ತ ನಿಂತಿವೆ. ಕಲ್ಲಿನ ಕೋಟೆ ಎಂದು ಹಾಡಿಸಿಕೊಂಡ ಜಾಗದಲ್ಲಿ ದೊರೆಗಳು ಮಣ್ಣಿನ ಗೋಡೆಯ ಮನೆಗಳಲ್ಲಿ ಬಾಳಿದ್ದರು! ಈ ಬಿಸಿಲು ಸೀಮೆಯಲ್ಲಿ ದಪ್ಪ ಮಣ್ಣಿನ ಗೋಡೆ ಕೊಡುವ ತಂಪನ್ನು ಕಲ್ಲು ಕೊಡಲಾರದು. ಈ ಗೋಡೆಗಳನ್ನು ಒರಗುವುದೂ ಹತ್ತುವುದೂ ಬೇಡ, ಹೆಸರು ಕೆತ್ತುವುದಂತೂ ಬೇಡವೇ ಬೇಡ.

ತುಪ್ಪದ ಕೊಳದ ಬತೇರಿಯನ್ನು ಕೊನೆಗೆ ಇಟ್ಟುಕೊಳ್ಳಿ. ಬಂಡೆಯ ಮೈಯಲ್ಲಿ ಕಾಲಿನ ಬೆರಳು ಊರುವಷ್ಟೇ ಕೊರೆದ ಗುಳಿಗಳಲ್ಲಿ ಹತ್ತಬೇಕು, ಹಿಡಿಯಲು ಹೆಚ್ಚೇನೂ ಇಲ್ಲ. ಒಣ ದಿನದಲ್ಲಿ, ಎತ್ತರದ ಅಂಜಿಕೆ ಇಲ್ಲದವರು ಮಾತ್ರ ಹತ್ತಬೇಕು. ಹತ್ತುವುದಕ್ಕಿಂತ ಇಳಿಯುವುದು ಕಷ್ಟವೆಂಬುದನ್ನು ಬುಡದಲ್ಲಿಯೇ ನೆನೆದು ನಿರ್ಧರಿಸಿ. ಮೇಲಿನಿಂದ ಸುತ್ತುಗೋಡೆಗಳು, ಹೊಂಡಗಳು, ಊರು ಒಂದೇ ನೋಟದಲ್ಲಿ ಸಿಗುತ್ತವೆ; ಬೆಳಿಗ್ಗೆ ನಡೆದು ಬಂದ ದಾರಿಯನ್ನು ಬೆರಳಿನಲ್ಲಿ ಗುರುತಿಸಬಹುದು.

ಎರಡರ ಸುಮಾರಿಗೆ ಇಳಿದು ಊರಿನಲ್ಲಿ ಊಟ ಮಾಡಿ. ರಾಗಿಮುದ್ದೆ, ಜೋಳದ ರೊಟ್ಟಿ ಎರಡೂ ಸಿಗುವ ಗಡಿಸೀಮೆ ಇದು; ಸಂಜೆಯಾದರೆ ಮಂಡಕ್ಕಿ ಮಿರ್ಚಿ. ಕಾಲಿನಲ್ಲಿ ಇನ್ನೂ ಕಸುವಿದ್ದರೆ ಕೋಟೆಯ ಬೆನ್ನಿಗಿರುವ ಚಂದ್ರವಳ್ಳಿಗೆ ಒಂದು ಗಂಟೆ ಕೊಡಬಹುದು. ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಅಲ್ಲಿದೆ, ಮತ್ತು ಅದು ಹೇಳುವುದು ಕೆರೆಯ ಸಂಗತಿಯನ್ನೇ. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು; ರೋಮನ್ ನಾಣ್ಯಗಳು ದೊರೆತ ನೆಲವಿದು. ಅಂಕಲಿ ಮಠದ ಗುಹೆಗಳಿಗೆ ಟಾರ್ಚ್ ಮತ್ತು ದಾರಿ ಬಲ್ಲವರು ಇಲ್ಲದೆ ಇಳಿಯಬೇಡಿ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನೂ ಇದೇ ದಿನಕ್ಕೆ ಸೇರಿಸುವ ಆಸೆ ಸಹಜ, ಆದರೆ ಅದನ್ನು ಇನ್ನೊಂದು ಪ್ರವಾಸಕ್ಕೆ ಬಿಡುವುದೇ ಸರಿ.

ನಾಲ್ಕೂವರೆಯೊಳಗೆ ದುರ್ಗ ಬಿಟ್ಟರೆ ಹೆದ್ದಾರಿಯ ಬಹುಭಾಗವನ್ನು ಬೆಳಕಿನಲ್ಲಿ ದಾಟಬಹುದು. ಭಾನುವಾರ ಸಂಜೆ ಊರುಗಳಿಂದ ಮರಳುವವರೆಲ್ಲ ನೆಲಮಂಗಲದಿಂದಾಚೆ ಒಟ್ಟುಗೂಡುತ್ತಾರೆ. ಕಾರಿನವರಿಗೆ ಅದನ್ನು ಸಹಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಬಸ್ಸಿನವರು ಎಂಟನೇ ಮೈಲಿಯಲ್ಲಿಯೋ ಜಾಲಹಳ್ಳಿ ಕ್ರಾಸ್‌ನಲ್ಲಿಯೋ ಇಳಿದು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್, ಜಯನಗರ, ಬನಶಂಕರಿ ಕಡೆಯವರು ಬಸ್ಸಿಗಿಂತ ಮೊದಲೇ ಮನೆ ತಲುಪುತ್ತಾರೆ.